ಉತ್ತರ ಕೊಡದ ತಾಯಿ

ಒಂದು ಅಭಿಪ್ರಾಯವನ್ನು ಹತ್ತು ವರ್ಷ ಬಳಸಿದರೆ ಅದು ಹಳೆಯ ಚಪ್ಪಲಿಯಂತೆ ಕಾಲಿಗೆ ಹೊಂದಿಕೊಂಡುಬಿಡುತ್ತದೆ. ಅದರ ಮೇಲೆ ನಮಗೆಷ್ಟು ಪ್ರೀತಿಯಿತ್ತು ಎಂದು ತಿಳಿಯುವುದು ಅದು ಕಳೆದುಹೋದ ಮೇಲೆಯೇ. ನನ್ನ ಅಂಥದೊಂದು ಅಭಿಪ್ರಾಯ ಕಾಪುವಿನಲ್ಲಿ ಒಂದು ಭಾನುವಾರ ಮಧ್ಯಾಹ್ನ, ಹೊಟ್ಟೆ ತುಂಬಾ ಊಟ ಮಾಡಿ ಕುಳಿತಿದ್ದಾಗ ಕಳೆದುಹೋಯಿತು. ಅದು ಒಂದು ನಾಟಕ ಮತ್ತು ಆ ನಾಟಕದಿಂದ ತೆಗೆದ ಎರಡು ಸಿನಿಮಾಗಳ ಕುರಿತಾದದ್ದು.

ನಾಟಕದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಪಕ್ಷ ವಹಿಸುತ್ತೀರಿ. ಘಟ್ಟದ ಮೇಲಿನ ಕಂಪನಿಗಳು ಊರೂರು ಆಡಿ ಜನರನ್ನು ಅಳಿಸಿದ ಹಳೆಯ ನಾಟಕ ಎಂದಷ್ಟೇ ತಿಳಿದುಕೊಳ್ಳಿ. ವಿಧವೆ ತಾಯಿ, ಇಬ್ಬರು ಗಂಡುಮಕ್ಕಳು, ಮನೆ ಪಾಲಾಗುವ ಕಥೆ. ಕೊನೆಯ ಅಂಕದಲ್ಲಿ ಮಕ್ಕಳಿಬ್ಬರೂ ತಾಯಿಯ ಎದುರು ನಿಂತು, ಇನ್ನು ನೀನು ಯಾರ ಜೊತೆ ಇರುತ್ತೀಯಮ್ಮಾ ಎಂದು ಕೇಳುತ್ತಾರೆ. ಅಚ್ಚಾದ ಪುಸ್ತಕದಲ್ಲಿ ಅವಳು ಅರ್ಧ ಪುಟ ಮಾತಾಡಿ, ಕಿರಿಯವನ ಕೈ ಹಿಡಿದು ಹೊರಡುತ್ತಾಳೆ.

ಕಾಪುವಿನ ಪಕ್ಕದ ಇನ್ನಂಜೆಯಲ್ಲಿ ಮಾತ್ರ ಅವಳು ಹೊರಡುತ್ತಿರಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಅಲ್ಲಿನ ಯುವಕರು ಪ್ರತಿವರ್ಷ ಕೊಯ್ಲು ಮುಗಿದ ಗದ್ದೆಯಲ್ಲಿ ಆ ನಾಟಕ ಆಡುತ್ತಿದ್ದರು. ತಾಯಿಯ ಪಾತ್ರ ನನ್ನ ಗೆಳೆಯ ವಾಸಣ್ಣನವರದು. ಕಾಪು ಪೇಟೆಯಲ್ಲಿ ಅವರಿಗೆ ಟೈಲರ್ ಅಂಗಡಿ. ವರ್ಷವಿಡೀ ಪೊದೆಯಂತೆ ಬೆಳೆಸಿದ ಮೀಸೆಯನ್ನು ಅವರು ಬೋಳಿಸಿದರೆಂದರೆ ನಾಟಕ ಹತ್ತಿರ ಬಂತು, ಬಟ್ಟೆ ತಡವಾಗುತ್ತದೆ ಎಂದು ಗಿರಾಕಿಗಳಿಗೆ ಗೊತ್ತಾಗುತ್ತಿತ್ತು.

ಮಕ್ಕಳು ಆ ಪ್ರಶ್ನೆ ಕೇಳಿದಾಗ ವಾಸಣ್ಣ ಏನೂ ಹೇಳುತ್ತಿರಲಿಲ್ಲ. ಹಿರಿಯವನನ್ನು ನೋಡುವರು, ಕಿರಿಯವನನ್ನು ನೋಡುವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಧಾನವಾಗಿ ಒಳಗೆ ಹೋಗುವರು. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿದ್ದಂತೆ ಪರದೆ ಬೀಳುತ್ತಿತ್ತು. ಗದ್ದೆಯಲ್ಲಿ ಕುಳಿತ ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡಿದ್ದೇನೆ.

ಆಮೇಲೆ ಮೊದಲ ಸಿನಿಮಾ ಬಂತು, ಕಪ್ಪು ಬಿಳುಪಿನದು. ವಾಸಣ್ಣ ಮತ್ತು ನಾನು ಬಸ್ಸು ಹಿಡಿದು ಉಡುಪಿಗೆ ಹೋಗಿ ನೋಡಿದೆವು. ಅದರಲ್ಲಿ ಮಕ್ಕಳು ಪ್ರಶ್ನೆ ಕೇಳಿದ ಕೂಡಲೇ ತಾಯಿ ಹಾಡಲು ತೊಡಗುತ್ತಾಳೆ, ಕೊನೆಯ ನುಡಿಯ ಹೊತ್ತಿಗೆ ತೀರಿಕೊಳ್ಳುತ್ತಾಳೆ. ನಿರ್ದೇಶಕನಿಗೂ ಮಕ್ಕಳಿಗೂ ಸುಲಭವಾಯಿತು. ವಾಸಣ್ಣನವರ ಗಮನವೆಲ್ಲ ಅವಳ ರವಿಕೆಯ ಮೇಲೆ. "ಗಂಜಿಗೆ ಗತಿ ಇಲ್ಲದವಳಿಗೆ ಇಷ್ಟು ನೀಟಾಗಿ ತೋಳು ಇಟ್ಟು ಹೊಲಿದುಕೊಟ್ಟವನು ಯಾರು ಮಾಸ್ಟ್ರೇ?" ಎಂದು ಅವರು ಕೇಳಿದ್ದು ಮುಂದಿನ ಸಾಲಿನವರಿಗೂ ಕೇಳಿಸಿತು.

ವಾಪಸು ಬರುವ ಬಸ್ಸಿನಲ್ಲಿ ನನಗೊಂದು ಸಿದ್ಧಾಂತ ಹೊಳೆಯಿತು. ನಿಂತು ಪ್ರಯಾಣ ಮಾಡುವಾಗ ಹೊಳೆದ ಸಿದ್ಧಾಂತಗಳನ್ನು ನಂಬಬಾರದು, ಆದರೆ ಆಗ ನನಗೆ ವಯಸ್ಸು ಕಡಿಮೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ವಾರ್ಷಿಕ ಸಂಚಿಕೆಗೆ ಆರು ಪುಟ ಬರೆದೆ. ಸಿನಿಮಾ ದುಃಖವನ್ನು ಕೂಗಿ ಹೇಳುತ್ತದೆ, ರಂಗಭೂಮಿ ಅದನ್ನು ನುಂಗಿಕೊಳ್ಳುತ್ತದೆ. ಇನ್ನಂಜೆಯ ತಾಯಿಯ ಮೌನ ಎರಡು ಮನೆಗಳ ನಡುವೆ ನಿಂತ, ಒಂದೂ ತನ್ನದಲ್ಲದ ನಿರಾಧಾರ ಹೆಣ್ಣಿನ ಮೌನ ಎಂದು ವಾದಿಸಿದೆ. ರಸಸಿದ್ಧಾಂತವನ್ನೂ ಎಳೆದು ತಂದೆ. ಅಂಗಡಿಗೆ ಹೋಗಿ ವಾಸಣ್ಣನವರಿಗೆ ಓದಿ ಹೇಳಿದಾಗ ಅವರು, "ಒಳ್ಳೆದುಂಟು" ಎಂದು ಹೇಳಿ, ನನ್ನ ಕೈ ಎತ್ತಿಸಿ ಎದೆಯ ಅಳತೆ ತೆಗೆದುಕೊಂಡರು. ಅದನ್ನು ಕಲಾವಿದನ ವಿನಯ ಎಂದು ತಿಳಿದೆ. ಮಣಿಪಾಲದ ತರಗತಿಯಲ್ಲಿ ಹತ್ತು ವರ್ಷ ಅದೇ ಆರು ಪುಟವನ್ನು ಪಾಠ ಮಾಡಿದೆ.

ಎಂಬತ್ತರ ದಶಕದ ನಡುವಿಗೆ ಅದೇ ನಾಟಕ ಬಣ್ಣದಲ್ಲಿ ಮತ್ತೊಮ್ಮೆ ಸಿನಿಮಾ ಆಯಿತು. ಅದನ್ನು ನೋಡಲು ಉಡುಪಿಗೆ ಹೋಗಬೇಕಾಗಲಿಲ್ಲ. ವಾಸಣ್ಣನವರ ತಮ್ಮ ಶೇಖರ ದುಬೈಯಿಂದ ರಜೆಗೆ ಬರುವಾಗ ವಿಸಿಆರ್ ತಂದಿದ್ದ. ಕಾಪುವಿನ ಹೆದ್ದಾರಿಯ ಬದಿಯಲ್ಲಿ ಅವನ ಹೊಸ ಟೆರೇಸು ಮನೆ. ಕೆಳಗಿನ ಒಂದು ಕೋಣೆಯನ್ನು ತಾಯಿ ಗಿರಿಜಕ್ಕನಿಗೆಂದೇ ಕಟ್ಟಿಸಿದ್ದ. ಗಿರಿಜಕ್ಕ ಇದ್ದದ್ದು ಇನ್ನಂಜೆಯ ಹಳೆಯ ಮನೆಯಲ್ಲಿ, ವಾಸಣ್ಣನವರ ಜೊತೆ. ತಾಯಿ ಬರಬೇಕು ಎಂದು ತಮ್ಮ, ಹೋಗಬಾರದು ಎಂದು ಅಣ್ಣ. ಇಬ್ಬರೂ ಒಂದು ತಿಂಗಳಿಂದ ಕೇಳುತ್ತಿದ್ದರು. ಗಿರಿಜಕ್ಕ ಉತ್ತರ ಕೊಟ್ಟಿರಲಿಲ್ಲ. ಅಣ್ಣತಮ್ಮಂದಿರ ನಡುವೆಯೂ ಮಾತು ಕಡಿಮೆಯಾಗಿತ್ತು. ಹಾಗಿರುವಾಗ ಆ ಭಾನುವಾರ ಶೇಖರ ತಾಯಿಯನ್ನೂ ಅಣ್ಣನನ್ನೂ ಊಟಕ್ಕೆ, ಸಿನಿಮಾ ನೋಡಲಿಕ್ಕೆ ಕರೆದ.

"ನೀವೂ ಬನ್ನಿ ಮಾಸ್ಟ್ರೇ, ನೀವಿದ್ದರೆ ಜಗಳ ಆಗಲಿಕ್ಕಿಲ್ಲ" ಎಂದು ವಾಸಣ್ಣ ನನ್ನನ್ನು ಕರೆದರು. ದಾರಿಯಲ್ಲಿ ಮೆಲ್ಲನೆ, "ಅಮ್ಮ ಇಲ್ಲದ ಮನೆಗೆ ಸಂಜೆ ಅಂಗಡಿ ಮುಚ್ಚಿ ಹೇಗೆ ಹೋಗುವುದು?" ಎಂದರು. ಅವರಿಗೆ ನಲವತ್ತೈದು ದಾಟಿತ್ತು. ನನಗೆ ಸಂಕಟವಾಯಿತು.

ಹೊಸ ಸಿನಿಮಾದ ತಾಯಿ ಹಾಡಲಿಲ್ಲ, ಸಾಯಲೂ ಇಲ್ಲ. ಊಟದ ಮೇಜಿನ ಎದುರು ಎದ್ದು ನಿಂತು ಹೆಣ್ಣಿನ ಸ್ವಾಭಿಮಾನದ ಬಗ್ಗೆ ಒಳ್ಳೆಯ ಭಾಷಣ ಮಾಡಿದಳು. ಆಮೇಲೆ ಸೂಟ್‌ಕೇಸು ಎತ್ತಿಕೊಂಡು ಕಿರಿಯವನ ಕಾರು ಹತ್ತಿದಳು. ಕಿರಿಯವನಾದ ಶೇಖರ, "ನೋಡಮ್ಮ" ಎಂದು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಅಷ್ಟನ್ನೇ ಇನ್ನೊಮ್ಮೆ ತೋರಿಸಿದ. ವಾಸಣ್ಣ ತಲೆ ತಗ್ಗಿಸಿ ತಮ್ಮ ಬೆರಳುಗಳನ್ನು ನೋಡುತ್ತಾ ಕುಳಿತಿದ್ದರು.

ಗೆಳೆಯನ ನೆರವಿಗೆ ನಾನು ಆರು ಪುಟದೊಂದಿಗೆ ಧುಮುಕಿದೆ. ಈ ಭಾಷಣಕ್ಕಿಂತ ನಮ್ಮ ಇನ್ನಂಜೆಯ ತಾಯಿಯ ಮೌನ ದೊಡ್ಡದು, ಆ ಮೌನದಲ್ಲಿ... ಎಂದು ಶುರುಮಾಡುವಷ್ಟರಲ್ಲಿ ವಾಸಣ್ಣ ನನ್ನ ಮಾತು ತಡೆದರು.

"ಅದು ಮೌನ ಅಲ್ಲ ಮಾಸ್ಟ್ರೇ. ಮೊದಲನೇ ವರ್ಷ ನನಗೆ ಮಾತು ಮರೆತುಹೋಗಿತ್ತು. ಪ್ರಾಂಪ್ಟರ್ ಬೀಡಿ ಸೇದಲಿಕ್ಕೆ ಹೋಗಿದ್ದ. ನಾನು ಹೆದರಿ ಒಳಗೆ ಹೋದದ್ದು. ಜನ ಅತ್ತರು, ಹಾಗಾಗಿ ಹಾಗೆಯೇ ಬಿಟ್ಟೆವು. ನೀವು ಅಷ್ಟು ಚಂದ ಬರೆದಿದ್ದಿರಿ, ಹೇಳಲಿಕ್ಕೆ ಮನಸ್ಸಾಗಲಿಲ್ಲ."

ಅಷ್ಟರಲ್ಲಿ ಗಿರಿಜಕ್ಕ ಬಾಯಿಯ ಎಲೆಯಡಿಕೆ ಉಗುಳಿ ಬಂದು ಕುಳಿತರು. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಆ ಹೆಂಗಸಿಗೆ ಮನೆ ಇಲ್ವಾ?"

"ಉಂಟಮ್ಮ, ಮಕ್ಕಳು ಪಾಲು ಮಾಡಿದರಲ್ಲ" ಎಂದ ಶೇಖರ.

"ತಾಯಿಯ ಮನೆಯನ್ನು ಗಂಡುಮಕ್ಕಳು ಎಂತ ಪಾಲು ಮಾಡುವುದು? ವಾಸುವಿನ ನಾಟಕ ನಾನು ಎಲ್ಲಾ ವರ್ಷವೂ ನೋಡಿದ್ದೇನೆ. ಅದರಲ್ಲಿ ಅವಳು ಸರಿ ಇದ್ದಳು. ಹುಡುಗರು ಬುದ್ಧಿ ಇಲ್ಲದೆ ಏನೋ ಕೇಳಿದರು, ಅವಳು ಒಳಗೆ ಹೋಗಿ ತನ್ನ ಪಾತ್ರೆ ತೊಳೆದಳು. ಅಂಥದ್ದಕ್ಕೆಲ್ಲ ಉತ್ತರ ಕೊಡುತ್ತಾ ಕೂತರೆ ಮನೆ ಕೆಲಸ ಯಾರು ಮಾಡುವುದು?"

ಈಗ ನನ್ನ ಅವಸ್ಥೆಯನ್ನು ನೀವು ಊಹಿಸಿಕೊಳ್ಳಿ. ನಮ್ಮದು ಅಳಿಯಕಟ್ಟಿನ ಸೀಮೆ. ಇಲ್ಲಿ ಎಷ್ಟೋ ಕುಟುಂಬಗಳಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ. ಗಂಡುಮಕ್ಕಳು ತಾಯಿಯ ಮನೆಯಲ್ಲಿ ಇರುವವರು ಅಷ್ಟೇ. ಗಿರಿಜಕ್ಕನ ಮನೆಯೂ ಅವರ ತಾಯಿಯಿಂದ ಬಂದದ್ದು. ಕಾನೂನು ಬದಲಾಗಿರಬಹುದು, ಗಿರಿಜಕ್ಕ ಬದಲಾಗಿರಲಿಲ್ಲ. ನಾನೂ ಅಂಥ ಮನೆಯಲ್ಲೇ ಹುಟ್ಟಿ, ಅಂಥ ತಾಯಿಯ ಕೈಯಿಂದಲೇ ಉಂಡು ಬೆಳೆದವನು. ಅಂಥವನು ಘಟ್ಟದ ಮೇಲಿನ ನಾಟಕ ಓದಿ, ಗದ್ದೆಯಲ್ಲಿ ಅಳುತ್ತಾ ಕುಳಿತು, ಇನ್ನಂಜೆಯ ಆ ತಾಯಿಯನ್ನು ನಿರಾಧಾರಳು ಎಂದು ಹತ್ತು ವರ್ಷ ಪಾಠ ಮಾಡಿದ್ದೆ. ನಿರ್ದೇಶಕರಿಬ್ಬರೂ ಪುಸ್ತಕ ಓದಿದ್ದರು, ನಾನು ಅವರಿಗಿಂತ ಹೆಚ್ಚು ಓದಿದ್ದೆ. ಪುಸ್ತಕ ಓದದ ಒಬ್ಬರಿಗೆ ಮಾತ್ರ ಆ ಪಾತ್ರೆಗಳು ಯಾರವು ಎಂದು ಗೊತ್ತಿತ್ತು.

ಗಿರಿಜಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ವಾಸಣ್ಣ ಆ ಅಭಿನಯವನ್ನು ಎಲ್ಲಿಂದ ಕಲಿತಿದ್ದರು ಎಂದು ನನಗೆ ಆಗ ತಿಳಿಯಿತು.

"ನನ್ನನ್ನು ಯಾರು ಇಟ್ಟುಕೊಳ್ಳುವುದು ಅಂತ ನೀವು ತಿಂಗಳಿಂದ ಕೇಳುವುದು. ನಿಮ್ಮನ್ನು ಇಷ್ಟು ವರ್ಷ ಇಟ್ಟುಕೊಂಡದ್ದು ಯಾರು?" ಎಂದರು. ಸಿಟ್ಟೇನೂ ಇರಲಿಲ್ಲ. "ದನ ಕರೆಯುವ ಹೊತ್ತಾಯಿತು, ನನ್ನನ್ನು ಬಿಟ್ಟು ಬಾ ಶೇಖರ. ನಿನ್ನ ಕೋಣೆ ಚಂದ ಉಂಟು, ಒಮ್ಮೊಮ್ಮೆ ಬಂದು ಮಲಗುತ್ತೇನೆ. ಊಟಕ್ಕೆ ನೀನೂ ಅಲ್ಲಿಗೇ ಬಾ."

ಉಳಿದ ರಜೆಯ ಊಟವನ್ನು ಶೇಖರ ಇನ್ನಂಜೆಯಲ್ಲೇ ಮಾಡಿದ, ಅಣ್ಣನ ಪಕ್ಕದಲ್ಲಿ ಮಣೆ ಹಾಕಿಕೊಂಡು. ವಿಸಿಆರ್ ಕೂಡ ಅಲ್ಲಿಗೇ ಬಂತು.

ಮಾರನೆಯ ದಿನ ತರಗತಿಯಲ್ಲಿ, ಆ ತಾಯಿ ಉತ್ತರ ಕೊಡದಿದ್ದುದು ಏಕೆ ಸರ್ ಎಂದು ಒಬ್ಬಳು ಕೇಳಿದಳು. ಎಡಗಡೆಯ ಬೆಂಚುಗಳನ್ನು ನೋಡಿದೆ, ಬಲಗಡೆಯ ಬೆಂಚುಗಳನ್ನು ನೋಡಿದೆ. ಆಮೇಲೆ ಆ ಆರು ಪುಟವನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಿನ್ನ ಅಮ್ಮನನ್ನು ಕೇಳಿ ಬಾ" ಎಂದೆ.