ಪೆಟ್ರೋಲ್ ವಾಸನೆಯ ಬಗಲಚೀಲ

ಕಾಕಾ ಬರುವುದಕ್ಕೆ ಮೊದಲು ಅವರ ಬಗಲಚೀಲದ ವಾಸನೆ ಬರುತ್ತಿತ್ತು. ಖಾಕಿ ಬಟ್ಟೆಯ ಚೀಲ, ತಳವೆಲ್ಲ ಎಣ್ಣೆ ಕುಡಿದು ಕರ್ರಗಾಗಿತ್ತು. ಅದರೊಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಒಂದು ಕಾರ್ಬ್ಯುರೇಟರ್ ಇರುತ್ತಿತ್ತು, ಮುಷ್ಟಿಗಿಂತ ತುಸು ದೊಡ್ಡದು. ಇಂಜಿನ್ನಿಗೆ ಪೆಟ್ರೋಲಿನಲ್ಲಿ ಗಾಳಿ ಬೆರೆಸಿ ಕೊಡುವ ಆ ಹಿತ್ತಾಳೆಯ ಗಂಟನ್ನು ಅವರು ಮದುವೆಗೂ ಒಯ್ಯುತ್ತಿದ್ದರು, ಮಣ್ಣಿಗೂ ಒಯ್ಯುತ್ತಿದ್ದರು. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಅಕ್ಕಪಕ್ಕದವರು ಮೂಗು ಮುರಿದು ಆಚೆ ಸರಿಯುತ್ತಿದ್ದರು. ಕಾಕಾಗೆ ಅದರಿಂದ ಬೇಸರವೇನೂ ಇರಲಿಲ್ಲ. ದೂರ ಕೂತವರ ಕೈ ಚೀಲಕ್ಕೆ ಬರುವುದಿಲ್ಲವಲ್ಲ.

ಅಕ್ಕಲಕೋಟೆಯಲ್ಲಿ ನನ್ನ ತವರುಮನೆಯ ಪಕ್ಕದ ಮನೆ ಅವರದು. ಕೋರ್ಟಿನಲ್ಲಿ ಬೇಲಿಫ್ ಆಗಿ ನಿವೃತ್ತರಾದವರು. ಜಪ್ತಿಯ ಹುಕುಂ ಹಿಡಿದು ತಾಲೂಕಿನ ಹಳ್ಳಿ ಹಳ್ಳಿ ತಿರುಗುವುದು ಅವರ ನೌಕರಿ. ಬೇಲಿಫ್ ಬರುತ್ತಾನೆಂಬ ಸುಳಿವು ಸಿಕ್ಕರೆ ಸಾಕು, ಮಂದಿ ಟ್ರ್ಯಾಕ್ಟರಿನ ಯಾವುದಾದರೂ ಒಂದು ಭಾಗ ಕಳಚಿ ಜೋಳದ ಕಣಜದಲ್ಲೋ ಕೂಸಿನ ತೊಟ್ಟಿಲಲ್ಲೋ ಬಚ್ಚಿಡುತ್ತಿದ್ದರಂತೆ. ಅಂಗಳದಲ್ಲಿ ಆನೆಯಂಥ ಗಾಡಿ ನಿಂತಿರುತ್ತದೆ, ಒಂದು ಹೆಜ್ಜೆ ಅಲುಗುವುದಿಲ್ಲ. ನಗುತ್ತ ಚಹಾ ಕೊಟ್ಟ ಮನೆಗಳಲ್ಲೇ ತೊಟ್ಟಿಲು ಹುಡುಕಿ ಹುಡುಕಿ ಕಾಕಾಗೆ ಮನುಷ್ಯರ ಮೇಲಿನ ನಂಬಿಕೆ ಹೊರಟುಹೋಗಿತ್ತು. ಹಾಲಿನವನ ಹಾಲು, ಜ್ಯೋತಿಷಿಯ ಪಂಚಾಂಗ, ಬಸ್ ಸ್ಟ್ಯಾಂಡಿನ ಗಡಿಯಾರ, ಎಲ್ಲದರ ಮೇಲೂ ಅವರಿಗೆ ಸಂಶಯ. ಹೆಂಡತಿ, ನಮ್ಮ ಕಾಕೂ, ಬಡಿಸಿದ ಪಲ್ಯವನ್ನೂ ಒಮ್ಮೆ ಮೂಸಿಯೇ ತುತ್ತು ಎತ್ತುತ್ತಿದ್ದರು.

ಅಂಥವರಿಗೆ ಸ್ವಂತ ಗಾಡಿ ಬಂದರೆ ಏನಾಗಬೇಕು? ಸೋಲಾಪುರದ ಒಂದು ಹಳೆಯ ಗಿರಣಿಯ ಸಾಹೇಬರ ಬಂಗಲೆಯಲ್ಲಿ ತೋಟ ತೆಗೆಯುವಾಗ, ಅಲ್ಲಿದ್ದ ಪುಟ್ಟ ಟ್ರ್ಯಾಕ್ಟರನ್ನು ಕಾಕಾ ತಂದರು. ಹುಲ್ಲು ಕತ್ತರಿಸಲು, ಗಿಡಗಳ ನಡುವೆ ಸಣ್ಣ ನೇಗಿಲು ಎಳೆಯಲು ಪರದೇಶದಲ್ಲಿ ಮಾಡಿದ ಗಾಡಿ. ದೊಡ್ಡ ಕರುವಿನಷ್ಟು ಎತ್ತರ, ಬುಟ್ಟಿಯಂಥ ಕಬ್ಬಿಣದ ಸೀಟು, ಒಂದೇ ಸಿಲಿಂಡರು. ಮನೆಯ ಹಿಂದಿನ ನಿಂಬೆಗಿಡಗಳ ನಡುವೆ ಅದನ್ನು ಓಡಿಸಿ, ಕೆಲಸ ಮುಗಿದ ಕೂಡಲೇ ಎರಡು ನಟ್ಟು ಬಿಚ್ಚಿ ಕಾರ್ಬ್ಯುರೇಟರ್ ಚೀಲಕ್ಕೆ ಹಾಕಿಕೊಂಡುಬಿಡುತ್ತಿದ್ದರು. ಜಪ್ತಿಗೆ ಹೋದಾಗ ಕಲಿತ ವಿದ್ಯೆ. ಇಂಜಿನ್ನಿನ ಮೇಲೆ ಕೊರೆದ ನಂಬರು ಯಾರಿಗೂ ಕಾಣಬಾರದೆಂದು ಖಂಡೆನವಮಿಯ ಆಯುಧಪೂಜೆಯ ನೆಪದಲ್ಲಿ ಎಣ್ಣೆ ಕಲಸಿದ ಕುಂಕುಮವನ್ನು ಬೆರಳು ದಪ್ಪ ಮೆತ್ತಿದ್ದರು, ಕಾರ್ಬ್ಯುರೇಟರಿಗೂ ಬಳಿದಿದ್ದರು. ದೇವರಿಗೂ ಆಯಿತು, ಕಳ್ಳರಿಗೂ ಆಯಿತು.

ಆಗ ನಮ್ಮ ಸೀಮೆಯಲ್ಲಿ ಇಂಥ ಗಾಡಿಗಳು ಬೆರಳೆಣಿಕೆಯಷ್ಟಿದ್ದವು. ವಾಗದರಿಯಲ್ಲೊಂದು, ಬೋರಾಮಣಿಯಲ್ಲೊಂದು. ಹೋಟಗಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದ ಒಬ್ಬರ ಬಳಿ ಕಾಕಾನ ಗಾಡಿಯದೇ ಜೋಡಿ. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ತಮ್ಮ ಗಾಡಿಗಳಿಗೂ ಅದೇ ನೇಮ ಎಂದು ಇವರೆಲ್ಲ ಆ ದಿನ ಒಬ್ಬರ ಮನೆಯಲ್ಲಿ ಕೂಡಿ, ಬಿಡಿಭಾಗ ಬಿಚ್ಚಿ ಹರಡಿಕೊಂಡು ಸಂಜೆತನಕ ಮಾತಾಡುತ್ತಿದ್ದರು. ಕಾಕಾ ಮಾತ್ರ ಬಗಲಚೀಲ ಬಿಚ್ಚುತ್ತಿರಲಿಲ್ಲ. ಗಾರ್ಡ್ ಸಾಹೇಬರು ತಮ್ಮ ಗಾಡಿಯ ಮೇಲೆ ಕಣ್ಣು ಹಾಕಿದ್ದಾರೆಂದು ಅವರಿಗೆ ಖಾತ್ರಿ. ಗಾರ್ಡ್ ಸಾಹೇಬರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಮನೆಗೆ ಬಂದು ಕಾಕೂ ಮುಂದೆ ವಿಚಾರಣೆ ನಡೆಸುತ್ತಿದ್ದರು.

ನಾನು ಮದುವೆಯಾಗಿ ಸೋಲಾಪುರಕ್ಕೆ ಬಂದು ಮೊದಲು ಟೈಪಿಂಗ್ ಕ್ಲಾಸು, ಆಮೇಲೆ ಕಂಪ್ಯೂಟರ್ ಕ್ಲಾಸು ನಡೆಸಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಟೆಲಿಫೋನ್ ವೈರಿನ ಮೇಲೆ ಇಂಟರ್ನೆಟ್ ಬಂತು. ಹಳೆಯ ತೋಟದ ಟ್ರ್ಯಾಕ್ಟರ್ ಇಟ್ಟುಕೊಂಡ ಪರದೇಶದ ಮಂದಿ ಅದರಲ್ಲಿ ಒಂದು ಗುಂಪು ಕಟ್ಟಿಕೊಂಡು ಪತ್ರ ಬರೆದುಕೊಳ್ಳುತ್ತಾರೆ ಎಂದು ನಾನೇ ಕಾಕಾಗೆ ಹೇಳಿದೆ. ಮರುವಾರವೇ ಬಂದರು. ಬರುವುದು ಗುರುವಾರವೇ. ಆ ದಿನ ಬೆಳಿಗ್ಗೆ ಸ್ವಾಮಿಗಳ ದರ್ಶನಕ್ಕೆ ಭಕ್ತರೆಲ್ಲ ಅಕ್ಕಲಕೋಟೆಯ ಕಡೆ ಹೋಗುತ್ತಾರೆ, ಎದುರು ದಿಕ್ಕಿನ ಬಸ್ಸು ಖಾಲಿ, ಚೀಲದ ಪಕ್ಕ ಯಾರೂ ಕೂಡುವುದಿಲ್ಲ.

ಗುಂಪಿನವರನ್ನು ಅವರು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದಂತೆಯೇ ನಡೆಸಿಕೊಂಡರು. ಏನು ಕೇಳಲಿ ಎಂದರೆ, ಪ್ಲಗ್ಗಿನ ಸಂದು ಎಷ್ಟಿರಬೇಕು ಕೇಳು ಅಂದರು. ಅದು ಅವರಿಗೆ ಬಾಯಿಪಾಠ.

“ಗೊತ್ತಿದ್ದದ್ದನ್ನ ಮೊದಲ ಕೇಳಬೇಕವ್ವಾ. ಸುಳ್ಳು ಹೇಳಾವ ಅಲ್ಲೇ ಸಿಗ್ತಾನ,” ಎಂದರು.

ಯಾರೂ ಸುಳ್ಳು ಹೇಳಲಿಲ್ಲ. ಉತ್ತರಗಳಿಂದ ತೆರೆ ತುಂಬಿಹೋಯಿತು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಊರು ಯಾವುದೆಂದು ಯಾರೋ ಕೇಳಿದಾಗ ಬೋರಾಮಣಿ ಎಂದು ಬರೆಸಿದರು. ಅಷ್ಟು ದೂರದಿಂದ ಯಾರು ಬಂದಾರು ಕಾಕಾ ಎಂದರೆ, ನನ್ನನ್ನೇ ಒಂದು ಕಣ್ಣು ಸಣ್ಣ ಮಾಡಿ ನೋಡಿದರು. ಫೋಟೋ ಕಳಿಸಿ ಎಂದವರಿಗೆ ಗಾಡಿಯ ಹಿಂದಿನ ಚಕ್ರದ್ದೊಂದು ಫೋಟೋ ಹೋಯಿತು. ಆದರೂ ಗುರುವಾರ ಅವರ ಮುಖದ ಮೇಲೆ ಒಂದು ಕಳೆ ಇರುತ್ತಿತ್ತು. ಇಷ್ಟೊಂದು ಮಂದಿ ತನ್ನ ಗಾಡಿಗೆ ಗಂಟುಬಿದ್ದಿದ್ದಾರೆಂದು ನಂಬಿದ ಮನುಷ್ಯನ ಸಂತೋಷ ಅದು.

ಇತ್ತ ನಮ್ಮ ಕಡೆಯ ಗುಂಪು ಕರಗುತ್ತಿತ್ತು. ಬೋರಾಮಣಿಯ ಗಾಡಿ ಭಂಗಾರಕ್ಕೆ, ಅಂದರೆ ಗುಜರಿಗೆ, ಹೋಯಿತು. ವಾಗದರಿಯವರು ದೊಡ್ಡ ಟ್ರ್ಯಾಕ್ಟರ್ ಕೊಂಡು, ಚಿಕ್ಕದರ ಇಂಜಿನ್ ಕಳಚಿ ದನದ ಮೇವಿಗೆ ಕಣಕಿ ಕತ್ತರಿಸುವ ಯಂತ್ರಕ್ಕೆ ಕೂಡಿಸಿದರು. ಅಮಾವಾಸ್ಯೆಯ ಕೂಟ ನಿಂತೇಹೋಯಿತು. ಸ್ವಲ್ಪ ದಿನಕ್ಕೆ ಕಂಪ್ಯೂಟರಿನ ಪತ್ರಗಳೂ ತೆಳ್ಳಗಾದವು. ಕೊನೆಗೆ ಪ್ರತಿ ವಾರ ಒಬ್ಬನೇ ಮುದುಕ ಬರೆಯುತ್ತಿದ್ದ, ಎಲ್ಲೋ ಹಿಮ ಬೀಳುವ ಊರಿನವನು. ಬೆರಳ ಗಂಟುಗಳು ನೋಯುತ್ತವೆ, ಮನೆಯಲ್ಲಿ ಯಾರಿಗೂ ಗಾಡಿ ಬೇಡವಾಗಿದೆ ಎಂದು.

ಕಾಕಾ ಇದನ್ನು ಹೇಗೆ ನಂಬಿಯಾರು? “ಎಲ್ಲಾರೂ ಬ್ಯಾರೆ ಕಡೆ ಕೂಡಾಕತ್ತಾರ. ನಮಗ ಹೇಳಿಲ್ಲ,” ಎಂದರು. ಬಾಗಿಲು ಹಾಕಿಕೊಂಡ ಮನೆಗಳನ್ನು ಎಷ್ಟು ನೋಡಿದ್ದರೋ. ಒಳಗೆ ಮಂದಿ ಉಸಿರು ಬಿಗಿಹಿಡಿದು ಕೂತಿರುತ್ತಾರೆ, ಬಾಗಿಲು ಬಡಿದರೆ ಸದ್ದಿಲ್ಲ. ಬಡಿದವನು ತಮ್ಮವನೇ ಎನಿಸಿದರೆ ತೆರೆಯುತ್ತದೆ ಎಂಬುದು ಅವರ ಅನುಭವ. ಅದಕ್ಕೇ ನನ್ನಿಂದ ಬೇರೊಂದು ಹೆಸರಿನಲ್ಲಿ ಪತ್ರ ಹಾಕಿಸಿದರು, ನಾನು ಹೊಸಬ, ಪರದೇಶದವನೇ, ಒಂದು ಗಾಡಿ ಮಾರುವುದಿದೆ ಎಂದು. ಮಾರುವ ಮಾತು ಕೇಳಿ ಯಾರೂ ಸುಮ್ಮನಿರಲಾರರು ಎಂಬುದು ಅವರ ಲೆಕ್ಕಾಚಾರ. ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಗುರುವಾರ ಮೊದಲ ಬಸ್ಸಿಗೇ ಬಂದರು.

ಒಂದೇ ಉತ್ತರ ಬಂದಿತ್ತು. ಅದೇ ಹಿಮದೂರಿನ ಮುದುಕ. ಹೊಸಬರು ಬಂದದ್ದು ಬಹಳ ಸಂತೋಷ; ಇಲ್ಲೀಗ ನಾನು ಮತ್ತು ಬೋರಾಮಣಿ ಎಂಬ ಊರಿನ ಒಬ್ಬ ಸಜ್ಜನರು ಇಬ್ಬರೇ ಇದ್ದೇವೆ; ಗಾಡಿ ಕೊಳ್ಳುವವರು ನನಗಂತೂ ಗೊತ್ತಿಲ್ಲ ಎಂದು ಬರೆದಿದ್ದ.

ನಾನು ಓದಿ ಹೇಳಿದ ಮೇಲೆ ಕಾಕಾ ತಾವೇ ತೆರೆ ನೋಡಿದರು. ಅವರಿಗೆ ಓದಲು ಬರದ ಇಂಗ್ಲಿಷು ಅದು, ಆದರೂ ನೋಡಿದರು.

“ಹಂಗಾದ್ರ ಯಾರೂ ಬಾಗಲಾ ಹಾಕ್ಕೊಂಡಿಲ್ಲ.”

ಇಲ್ಲ ಕಾಕಾ, ಎಂದೆ.

“ಹಾಕ್ಕೊಂಡಿದ್ರ ಚೊಲೋ ಇತ್ತವ್ವಾ.”

ಮುಂದಿನ ಅಮಾವಾಸ್ಯೆಗೆ ನನ್ನನ್ನು ಕರೆದುಕೊಂಡು ಹೋಟಗಿಗೆ ಹೊರಟರು. ಗಾರ್ಡ್ ಸಾಹೇಬರ ಅಂಗಳದಲ್ಲಿ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದರು. ದೀಪಾವಳಿಗೇ ಭಂಗಾರದವನಿಗೆ ಕೊಟ್ಟೆ ಎಂದರು. ಕಾರ್ಬ್ಯುರೇಟರ್ ಒಂದನ್ನು ಮಾತ್ರ ಉಳಿಸಿಕೊಂಡಿದ್ದರು, ಕಾಕಾಗೆ ಕೊಡಲೆಂದು. ಅದರ ಒಳಗೆ ತೇಲುವ ಬುರುಡೆ ತೂತಾಗಿ ಪೆಟ್ರೋಲು ಸೋರುತ್ತದೆ, ಬಿಡಿಭಾಗಕ್ಕೆ ಬಂದೀತು ಎಂದರು. ತಮ್ಮದೆಂದು ಗುರುತಿಗೆ ಬುಡದಲ್ಲಿ ಹಸಿರು ಬಣ್ಣದ ಬೊಟ್ಟು ಇಟ್ಟಿದ್ದರು, ರೈಲಿನ ಹಸಿರು ಬಾವುಟದ ಬಣ್ಣ. ಕಾಕಾ ಅದನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿದರು. ಯಾಕೆ ಕೊಡುತ್ತಿದ್ದಾನೆ ಎಂಬ ಪ್ರಶ್ನೆ ಅವರ ಹಣೆಯ ಮೇಲೇ ಬರೆದಿತ್ತು. ಗಾರ್ಡ್ ಸಾಹೇಬರು ಅದನ್ನು ಓದಿಕೊಂಡರು.

“ಖರೆ ಹೇಳ್ತೀನ್ರಿ ಬೇಲಿಫ್ ಸಾಹೇಬರ. ನಿಮ್ಮ ಗಾಡಿ ಮ್ಯಾಲೆ ನನ್ನ ಕಣ್ಣಿತ್ತು. ನಿಮ್ಮ ಸಂಶೆ ಖೊಟ್ಟಿ ಅಲ್ಲ.”

“ಈಗ?”

“ಈಗ ಇಲ್ರಿ.”

ಇಷ್ಟು ವರ್ಷದ ಮೊಕದ್ದಮೆ ಗೆದ್ದ ದಿನ ಅದು. ಗೆದ್ದವರು ಆ ಕಾರ್ಬ್ಯುರೇಟರನ್ನು ಚೀಲಕ್ಕೂ ಹಾಕದೆ ಸ್ಟೇಷನ್ನಿನ ತನಕ ಕೈಯಲ್ಲೇ ಹಿಡಿದು ನಡೆದರು.

ಅದಾದ ಮೇಲೆ ಕಾಕೂ ಒಂದು ದಿನ ಗಾಬರಿಯಿಂದ ನನಗೆ ಫೋನ್ ಮಾಡಿಸಿದರು. ಕಾಕಾ ಕಾರ್ಬ್ಯುರೇಟರನ್ನು ಗಾಡಿಯಲ್ಲೇ ಬಿಟ್ಟಿದ್ದಾರಂತೆ. ಗಾಡಿ ನಿಲ್ಲಿಸುವ ಪತ್ರಾಸಿನ, ತಗಡಿನ ಶೆಡ್ಡಿಗೆ ಬೀಗವಿಲ್ಲವಂತೆ. ಪಲ್ಯ ಮೂಸದೆ ಉಣ್ಣುತ್ತಾರಂತೆ. ಪಲ್ಯದ ಮಾತು ಕೇಳಿ ನನಗೂ ಹೆದರಿಕೆಯಾಯಿತು. ಹೋಗಿ ನೋಡಿದರೆ ಶೆಡ್ಡಿನ ಬಾಗಿಲು ಹಾರುಹೊಡೆದಿತ್ತು, ಗಾಡಿಯ ಸೀಟಿನ ಮೇಲೆ ಕೋಳಿ ಕೂತಿತ್ತು. ಶೆಡ್ಡಿನಲ್ಲಿ ಸ್ಕೂಟರ್ ನಿಲ್ಲಿಸಲೇ ಎಂದು ಮಗ ಕೇಳಿದ್ದಕ್ಕೆ ನಿಲ್ಲಿಸು ಎಂದಿದ್ದರಂತೆ. ನನಗೆ ಸಿಟ್ಟು ಬಂತು, ಅಳುವೂ ಬಂತು. ಅನುಮಾನ ಬಿಟ್ಟ ಕಾಕಾ ನನಗೆ ಬೇಕಿರಲಿಲ್ಲ.

“ಕಾಕಾ, ಈ ಗಾಡಿ ನನಗ ಬೇಕು,” ಎಂದೆ.

ಅವರು ತಲೆ ಎತ್ತಿದರು. ಯಾಕೆ ಬೇಕೆಂದು ಕೇಳಿದರು. ಬೇಕು ಅಷ್ಟೇ, ಎಂದೆ. ಆ ಒಂದು ಕಣ್ಣು ನಿಧಾನವಾಗಿ ಸಣ್ಣದಾಯಿತು.

“ಯಾರು ಹೇಳಿ ಕಳಿಸ್ಯಾರ ನಿನಗ?”

ಉತ್ತರಕ್ಕೆ ಕಾಯಲಿಲ್ಲ. ಎದ್ದು ಹೋಗಿ, ಕೋಳಿ ಓಡಿಸಿ, ಎರಡು ನಟ್ಟು ಬಿಚ್ಚಿ, ಕಾರ್ಬ್ಯುರೇಟರನ್ನು ಚೀಲಕ್ಕೆ ಹಾಕಿಕೊಂಡು ನನ್ನಿಂದ ಎರಡು ಮಾರು ದೂರ ಕೂತರು. ಕಾಕೂ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು.

ಮತ್ತೆ ಗುರುವಾರಗಳು ಶುರುವಾದವು. ಹಿಮದೂರಿನ ಮುದುಕನಿಗೆ ವಾರಕ್ಕೊಂದು ಪತ್ರ. ಒಂದು ಗುರುವಾರ ಕಾಕಾ ಖಾಕಿ ಬಟ್ಟೆಯಲ್ಲಿ ಸುತ್ತಲೂ ಹೊಲಿದ ಒಂದು ಗಂಟನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟರು. ಹೋಟಗಿಯ ಕಾರ್ಬ್ಯುರೇಟರ್, ಕೆಲಸಕ್ಕೆ ಬರುವುದಿಲ್ಲ, ಫ್ಯಾನಿಗೆ ನಿನ್ನ ಕಾಗದ ಹಾರದಂತೆ ಇಟ್ಟುಕೋ ಎಂದರು. ಎಣ್ಣೆ ಹತ್ತಬಾರದೆಂದು ಸಾಬೂನಿನಲ್ಲಿ ತೊಳೆದು ತಾವೇ ಹೊಲಿದಿದ್ದರಂತೆ. ಆಗ ಅವರಿಗೆ ಭುಜದ ನೋವು, ಹಗ್ಗ ಎಳೆದು ಇಂಜಿನ್ ಎಬ್ಬಿಸಲು ಆಗುತ್ತಿರಲಿಲ್ಲ. ಪ್ರತಿ ವಾರ ಬಂದವರೇ ಮೊದಲು ಆ ಗಂಟಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ಗಾರ್ಡ್ ಸಾಹೇಬರ ನೆನಪಾಗುತ್ತಿರಬೇಕು ಪಾಪ, ಎಂದುಕೊಂಡೆ. ಕೊನೆಕೊನೆಯ ಗುರುವಾರಗಳಲ್ಲಿ ಅದನ್ನು ಮುಟ್ಟುವುದನ್ನೂ ಬಿಟ್ಟರು.

ಮಳೆಗಾಲ ಕೂಡುವ ಹೊತ್ತಿಗೆ ಅವರು ಹೋದರು. ಆಸ್ಪತ್ರೆ ಗೀಸ್ಪತ್ರೆ ಆಗಲಿಲ್ಲ, ಡಾಕ್ಟರನ್ನು ನಂಬಿದವರಲ್ಲವಲ್ಲ. ದಿನಕರ್ಮ ಮುಗಿದ ಮೇಲೆ ಅವರ ಮಗ, ಒಳ್ಳೆಯ ಹುಡುಗನೇ, ನನ್ನನ್ನು ಕರೆದು ಗಾಡಿ ನಿಮಗೆ ಬೇಕೆಂದು ಅಪ್ಪ ಹೇಳುತ್ತಿದ್ದರು, ಒಯ್ಯಿರಿ, ಇಲ್ಲವಾದರೆ ಭಂಗಾರದವನಿಗೆ ಹೇಳಿದ್ದೇನೆ ಎಂದ. ಓಡದ ಗಾಡಿ ನಾನು ಎಲ್ಲಿಗೆ ಒಯ್ಯಲಿ? ಕಾಕೂ ಬಗಲಚೀಲ ತಂದುಕೊಟ್ಟರು. ಎಂದಿನಂತೆ ಘಮ್ಮೆಂದಿತು. ಮೆಕ್ಯಾನಿಕ್ಕನ್ನು ಕರೆಸಿ ಕಾರ್ಬ್ಯುರೇಟರ್ ಕೂಡಿಸಿದರೆ, ಪೆಟ್ರೋಲು ಧಾರೆಯಾಗಿ ನೆಲಕ್ಕೆ ಸೋರಿತು. ಎಷ್ಟು ಹಗ್ಗ ಎಳೆದರೂ ಇಂಜಿನ್ ಉಸಿರೆತ್ತಲಿಲ್ಲ. ಬಿಚ್ಚಿ ತಿರುವಿ ಹಿಡಿದೆ. ಬುಡದಲ್ಲಿ ಹಸಿರು ಬೊಟ್ಟು.

ಚೀಲದಲ್ಲಿ ಇದ್ದದ್ದು ಹೋಟಗಿಯದು. ಕಳ್ಳರಿಗೆಂದು ಇಟ್ಟುಕೊಂಡ ಸುಳ್ಳು ಮಾಲು. ಆಗ ಕಾಕೂ ಹೇಳಿದರು, ಅದು ಒಣಗಿ ವಾಸನೆ ಹೋಗುತ್ತದೆಂದು ದಿನಾ ಬೆಳಿಗ್ಗೆ ಧೋತರದ ತುಂಡಿಗೆ ಎರಡು ಹನಿ ಪೆಟ್ರೋಲು ಹಾಕುತ್ತಿದ್ದರಂತೆ.

ಅದೇ ಮಧ್ಯಾಹ್ನದ ಬಸ್ಸಿಗೆ ಸೋಲಾಪುರಕ್ಕೆ ಬಂದೆ. ಟೇಬಲ್ಲಿನ ಮೇಲೆ ಕಾಗದ ಒತ್ತಿಕೊಂಡು ಕೂತಿದ್ದ ಖಾಕಿ ಗಂಟಿನ ಹೊಲಿಗೆ ಬ್ಲೇಡಿನಿಂದ ಬಿಡಿಸಿದೆ. ಬೊಟ್ಟು ಇರಲಿಲ್ಲ. ಸಾಬೂನು ಮುಟ್ಟದ ಹಿತ್ತಾಳೆಯ ಸಂದಿಗಳಲ್ಲಿ ಖಂಡೆನವಮಿಯ ಕುಂಕುಮ ಇನ್ನೂ ಹಾಗೇ ಇತ್ತು. ಆ ಹೆಬ್ಬೆರಳು ಯಾಕೆ ಹೊಲಿಗೆಯ ಮೇಲೆ ಓಡುತ್ತಿತ್ತು ಎಂಬುದು ಆಗ ತಿಳಿಯಿತು. ನಾನು ಬಿಚ್ಚಿದ್ದೇನೆಯೇ ಎಂದು ನೋಡುತ್ತಿದ್ದರು. ಕೊನೆಗೆ ನೋಡುವುದನ್ನೂ ಬಿಟ್ಟಿದ್ದರು. ಹೆಂಡತಿಯ ಪಲ್ಯ ನಂಬದ ಮನುಷ್ಯ ನನ್ನನ್ನು ನಂಬಿದ್ದರು. ಕ್ಲಾಸಿನ ಹುಡುಗಿಯರ ಮುಂದೆಯೇ ಅತ್ತುಬಿಟ್ಟೆ.

ಮರುದಿನ ಎರಡನೇ ಎಳೆತಕ್ಕೇ ಇಂಜಿನ್ ಎದ್ದಿತು. ಗಾಡಿ ಈಗ ನಮ್ಮ ಮನೆಯ ಹಿಂದಿದೆ, ಅಮಾವಾಸ್ಯೆ ಬಿಟ್ಟು ಉಳಿದ ದಿನ ಮನಸ್ಸಾದಾಗ ಓಡಿಸುತ್ತೇನೆ. ಕೆಲಸ ಮುಗಿದ ಕೂಡಲೇ ಎರಡು ನಟ್ಟು ಬಿಚ್ಚಿ ಕಾರ್ಬ್ಯುರೇಟರ್ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮದುವೆಮನೆಗಳಲ್ಲಿ ನನ್ನ ಪಕ್ಕವೂ ಯಾರೂ ಕೂಡುವುದಿಲ್ಲ. ಆ ಗಾಡಿ ಕೊಡುತ್ತೀರಾ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೇನೆ, ಒಂದು ಕಣ್ಣು ಸಣ್ಣ ಮಾಡಿ ಅವರನ್ನು ನೋಡುವುದಕ್ಕೆ.