ನೆಟ್ಟಣ್ಣ ಮತ್ತು ಹಳೇ ಕತ್ತರಿ

ಆ ಬೀದಿಗೆ ಇಂಟರ್‌ನೆಟ್ ತಂದವನು ತಾನೇ ಎಂದು ನೆಟ್ಟಣ್ಣ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಮೊದಲು ಅವನದು ಫೋನ್ ಬೂತು. ಗಾಜಿನ ಗೂಡಿನೊಳಗೆ ಜನ ಗಂಟಲು ಹರಿದುಕೊಳ್ಳುತ್ತಿದ್ದರೆ ಇವನು ಹೊರಗೆ ಮೀಟರ್ ನೋಡುತ್ತ ಕೂತಿರುತ್ತಿದ್ದ. ಆಮೇಲೆ ಆ ಗೂಡು ಒಡೆಸಿ, ಪ್ಲೈವುಡ್ ಹಲಗೆ ಅಡ್ಡ ಹಾಕಿಸಿ, ನಾಲ್ಕು ಕಂಪ್ಯೂಟರ್ ತಂದಿಟ್ಟ. ಪರದೆಯ ಮೇಲೆ ಒಂದು ಫೋಟೊ ತಲೆಗೂದಲಿನಿಂದ ಶುರುವಾಗಿ ಗದ್ದಕ್ಕೆ ಇಳಿಯುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಆದರೂ ಜನ ಬೆಂಚಿನ ಮೇಲೆ ಸಾಲಾಗಿ ಕೂತು ಸರದಿ ಕಾದರು. ಪರೀಕ್ಷೆಯ ಫಲಿತಾಂಶ ನೋಡಿ ಅತ್ತವರು, ಎಲ್ಲೋ ಇದ್ದ ಅಣ್ಣನ ಮೇಲ್ ಬಂತೆಂದು ಕುಣಿದವರು, ಎಲ್ಲರೂ ಅವನ ಅಂಗಡಿಯಲ್ಲೇ. ಅರ್ಧ ಬೀದಿಗೆ ಪಾಸ್‌ವರ್ಡ್ ಇಟ್ಟುಕೊಟ್ಟವನು ಅವನು. ನೆಟ್ಟಣ್ಣ ಎಂಬ ಹೆಸರು ಬಿದ್ದದ್ದೂ ಆಗಲೇ. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಬೀದಿಗೆಲ್ಲ ಬೇಕಾದವನಾದರೂ ಗೆಳೆಯ ಅಂತ ಅವನಿಗಿದ್ದದ್ದು ಒಬ್ಬನೇ, ಪಕ್ಕದ ಅಂಗಡಿಯ ಟೈಲರು. ಸಂಜೆ ಮೆಷಿನ್ನಿನಿಂದ ಎದ್ದವನು ಸೀದಾ ಇಲ್ಲಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ನೆಟ್ಟಣ್ಣ ಮಾತಾಡುತ್ತಿದ್ದ, ಟೈಲರು ಹೂಂಗುಟ್ಟುತ್ತಿದ್ದ. ನೆಟ್ಟಣ್ಣನ ಬಾಯಿಗೆ ಬೀಗ ಅನ್ನುವುದೇ ಇರಲಿಲ್ಲ. ಗಿರಾಕಿಗಳ ಕಥೆ, ಭಾವಮೈದನ ಕಥೆ, ತನ್ನ ಮೊಣಕಾಲು ನೋವಿನ ಕಥೆ. ವರ್ಷಗಟ್ಟಲೆ ಹೀಗೇ ನಡೆಯಿತು. ಸ್ನೇಹ ಎಂದರೆ ಇದೇ ಎಂದು ಅವನು ತಿಳಿದಿದ್ದ.

ಅಷ್ಟರಲ್ಲಿ ಇಂಟರ್‌ನೆಟ್ ಎಲ್ಲರ ಜೇಬಿಗೂ ಬಂತು. ಬೆಂಚು ಖಾಲಿಯಾಯಿತು. ಒಂದನ್ನು ಬಿಟ್ಟು ಉಳಿದ ಕಂಪ್ಯೂಟರುಗಳೆಲ್ಲ ಗುಜರಿ ಸೇರಿದವು. ಅಂಗಡಿ ಝೆರಾಕ್ಸು, ರೀಚಾರ್ಜು ಎಂದು ಹೇಗೋ ಜೀವ ಹಿಡಿದುಕೊಂಡಿತು. ಅದನ್ನೂ ನೆಟ್ಟಣ್ಣ ನುಂಗಿಕೊಂಡ. ಟೈಲರಿಗೆ ಫೋನ್ ಆರಿಸಿಕೊಟ್ಟವನೂ ಅವನೇ, ಊರೂರಿನ ದರ್ಜಿಗಳು ತಾವು ಹೊಲಿದದ್ದರ ಫೋಟೊ ಹಾಕುವ ಗುಂಪೊಂದಕ್ಕೆ ಸೇರಿಸಿದವನೂ ಅವನೇ. ಮಾಡಿದ್ದುಣ್ಣೋ ಮಹರಾಯ. ಈಗ ಟೈಲರು ಅದೇ ಸ್ಟೂಲಿನ ಮೇಲೆ ಕೂತು ಫೋನ್ ನೋಡುತ್ತ ತನ್ನಷ್ಟಕ್ಕೆ ತಾನೇ ನಗತೊಡಗಿದ.

"ಏನಯ್ಯ ಅದು?"

"ಏನಿಲ್ಲ. ಯಾರೋ ನನ್ನ ಕಾಲರ್ ಚೆನ್ನಾಗಿದೆ ಅಂದಿದ್ದಾರೆ."

ನೆಟ್ಟಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಹೆಣ್ಣಿಗಾಗಿ ಉರಿದವರುಂಟು, ಆಸ್ತಿಗಾಗಿ ಉರಿದವರುಂಟು. ಒಂದು ಕಾಲರ್ ವಿಷಯಕ್ಕೆ ತಲೆ ನರೆತ ಗಂಡಸು ಉರಿದದ್ದನ್ನು ಯಾರಾದರೂ ಕೇಳಿದ್ದೀರಾ? ಅವನು ಉರಿದ. ಮನೆಗೆ ಹೋಗಿ ಊಟ ಬೇಡವೆಂದ. ಹೆಂಡತಿ ಕಾರಣ ಕೇಳಿ ತಿಳಿದು, "ಸವತಿ ಬಂದೋರ ಹಾಗೆ ಆಡ್ತಿದ್ದೀರಲ್ಲ," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಗೆಳೆಯನನ್ನು ಆ ಗುಂಪಿನಿಂದ ಓಡಿಸಬೇಕು, ಅಷ್ಟೇ. ಉಳಿದಿದ್ದ ಕಂಪ್ಯೂಟರಿನ ಮುಂದೆ ಕೂತು 'ಹಳೇ ಕತ್ತರಿ' ಎಂಬ ಹೆಸರಿನಲ್ಲಿ ಖಾತೆ ತೆರೆದ. ವಯಸ್ಸಾದ ದರ್ಜಿ, ದೂರದ ಊರು ಎಂದು ಬರೆದುಕೊಂಡ. ಟೈಲರು ಹಾಕಿದ್ದ ಕೋಟಿನ ಫೋಟೊ ಕೆಳಗೆ, "ಎಡ ತೋಳು ಎಳೀತಿದೆ. ಇದು ಕೋಟೋ, ಗೋಣಿಚೀಲವೋ?" ಎಂದು ಜಡಿದ. ಕೋಟಿನ ತೋಳು ಎಳೆಯುವುದೆಂದರೆ ಏನು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಎಂದೋ ಟೈಲರ ಬಾಯಲ್ಲಿ ಕೇಳಿದ್ದ ಮಾತು. ಕತ್ತಲಲ್ಲಿ ಎಸೆದ ಕಲ್ಲು ತಾಗಿಬಿಟ್ಟಿತು. ಟೈಲರು ಉತ್ತರ ಬರೆದ: "ನಿಜ ಹೇಳಿದ್ರಿ ಯಜಮಾನ್ರೇ. ಇಲ್ಲಿ ಹೊಗಳೋರೇ ಎಲ್ಲ, ಕಣ್ಣಿಟ್ಟು ನೋಡಿದೋರು ನೀವೊಬ್ಬರೇ."

ಓಡಿಸಲು ಹೋದವನಿಗೆ ಆ ಮಾತಿನ ರುಚಿ ಹತ್ತಿ, ಅಲ್ಲಿಂದ ದಿನಾ ಬರೆಯಲು ಶುರುಮಾಡಿದ. ಹೊಲಿಗೆಯ ಗಂಧ ಗಾಳಿ ಇಲ್ಲದ ನೆಟ್ಟಣ್ಣ ಏನು ಬರೆದಾನು? ಬಾಯಿಬಿಟ್ಟರೆ ಬಣ್ಣಗೇಡು. ಹಾಗಾಗಿ ಬರೀ ಕೇಳುತ್ತಿದ್ದ. ಯಾಕೆ ಹಾಗಾಯ್ತು? ಆಮೇಲೇನಾಯ್ತು? ನಿಮಗೆ ಏನನ್ನಿಸ್ತು? ಇಷ್ಟಕ್ಕೇ ಟೈಲರು ಪುಟಗಟ್ಟಲೆ ಬಿಚ್ಚಿಕೊಂಡ. ಕಲಿಸಿದ ಗುರು, ಕೈತಪ್ಪಿದ ಹುಡುಗಿ, ಹೆಂಡತಿ ತೀರಿಕೊಂಡ ವರ್ಷ ನಿದ್ದೆಯಿಲ್ಲದೆ ಕಳೆದ ರಾತ್ರಿಗಳು. ಒಂದೂ ನೆಟ್ಟಣ್ಣನಿಗೆ ಗೊತ್ತಿರಲಿಲ್ಲ.

ಸಂಜೆಯ ಹೊತ್ತು ಇವನು ಕೌಂಟರಿನ ಹಿಂದೆ ಕೀಲಿ ಒತ್ತಿದರೆ ಎದುರಿಗಿದ್ದ ಸ್ಟೂಲಿನಲ್ಲಿ ಫೋನ್ ಟಿಣ್ ಎನ್ನುತ್ತಿತ್ತು, ಟೈಲರ ಮುಖ ಅರಳುತ್ತಿತ್ತು.

"ಯಾರಪ್ಪ ಅದು, ಅಷ್ಟು ಖುಷಿ?"

"ನಿನಗೆ ಗೊತ್ತಿಲ್ಲ ಬಿಡು. ತೂಕದ ಮನುಷ್ಯ. ಕಡಿಮೆ ಮಾತು."

ಇಷ್ಟು ವರ್ಷದಲ್ಲಿ ತನ್ನನ್ನು ತೂಕದ ಮನುಷ್ಯ ಅಂದಿದ್ದನೇ? ಬೆರಳು ತನ್ನದು, ಕಂಪ್ಯೂಟರ್ ತನ್ನದು, ಕರೆಂಟ್ ಬಿಲ್ಲೂ ತನ್ನದು. ಪ್ರೀತಿ ಮಾತ್ರ ಆ ಮುದುಕನ ಪಾಲಿಗೆ. ಇಲ್ಲದ ಮನುಷ್ಯನ ಮೇಲೆ ನೆಟ್ಟಣ್ಣ ಹಲ್ಲು ಕಡಿದ.

ಹೀಗಿರುವಾಗ ಒಂದು ಮಧ್ಯಾಹ್ನ ಟೈಲರ ಸಂದೇಶ ಬಂತು. "ಬಲಗೈ ನಡುಗುತ್ತೆ ಯಜಮಾನ್ರೇ. ಆವತ್ತು ಕೋಟಿನ ತೋಳು ಕೆಟ್ಟದ್ದೂ ಅದಕ್ಕೇ. ಯಾರಿಗೂ ಹೇಳಿಲ್ಲ. ಅಂಗಡಿ ಮುಚ್ಚಿ ನಮ್ಮೂರಿಗೆ ಬಂದುಬಿಡು ಅಂತ ಅಕ್ಕ ಕರೀತಿದ್ದಾಳೆ. ಹೋಗ್ಲಾ, ಇರ್ಲಾ? ನೀವು ಹೇಳಿದ ಹಾಗೆ."

ನೆಟ್ಟಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಗೆಳೆಯ ಹೋದರೆ ಆ ಬೀದಿಯಲ್ಲಿ ತನಗೆ ಏನು ಉಳಿಯಿತು? 'ಇರಿ' ಎಂದು ಎರಡಕ್ಷರ ಬರೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಬುದ್ಧಿ ಹೇಳುವವರು ಯಾರು? ಇಂಥ ಮಾತನ್ನು ಮಾರು ದೂರದಲ್ಲಿರುವ ತನ್ನನ್ನು ಕೇಳದೆ, ಮುಖ ನೋಡದ ಮುದುಕನನ್ನು ಕೇಳುವುದೇ? ಅವನು ಬರೆದ: "ನಿಮಗೆ ಹತ್ತಿರದ ಗೆಳೆಯರು ಯಾರೂ ಇಲ್ವಾ? ಅವರನ್ನ ಕೇಳಿ."

"ಒಬ್ಬ ಇದ್ದಾನೆ," ಎಂದು ಬಂತು ಉತ್ತರ. "ಒಳ್ಳೆಯವನೇ. ಆದ್ರೆ ನನ್ನ ಕೈ ನಡುಗುತ್ತೆ ಅಂದ್ರೆ ಅವನ ಮೊಣಕಾಲಿನ ಕಥೆ ಶುರು ಮಾಡ್ತಾನೆ. ನೀವು ಹೇಳಿದ್ರೆ ಸಾಕು ನನಗೆ."

ನೆಟ್ಟಣ್ಣ ಅದನ್ನು ಓದಿ ಮುಗಿಸುವ ಮೊದಲೇ ಕೊಲೆಗೆ ಸಿದ್ಧನಾಗಿದ್ದ. "ಅಪ್ಪ ಈಗ ತಾನೇ ತೀರಿಕೊಂಡರು. ನಿಮ್ಮನ್ನು ತುಂಬಾ ನೆನೆಯುತ್ತಿದ್ದರು. ಇಂತಿ, ಮಗ" ಎಂದು ಬರೆದು ಕಳಿಸಿ ಖಾತೆಯನ್ನೇ ಅಳಿಸಿಹಾಕಿದ. ಪೀಡೆ ತೊಲಗಿತು ಎಂದು ಎರಡು ಟೀ ಹೇಳಿ ಗೆಳೆಯನಿಗಾಗಿ ಕಾದ.

ಟೈಲರು ಬಂದ. ಕಣ್ಣು ಕೆಂಪಾಗಿತ್ತು. ಸ್ಟೂಲಿನ ಮೇಲೆ ಕುಸಿದು ಕೂತು, "ಹೋಗ್ಬಿಟ್ರು ಕಣೋ," ಎಂದ. "ಒಂದು ಮಾತು ಕೇಳಿದ್ದೆ. ಇರಿ ಅಂತಾರೆ ಅಂದ್ಕೊಂಡಿದ್ದೆ. ಅಂದಿದ್ರೆ ಇರ್ತಿದ್ದೆ. ಇನ್ನೇನಿದೆ ಇಲ್ಲಿ, ಅಕ್ಕನ ಊರಿಗೆ ಹೊರಡ್ತೀನಿ."

"ನಾನು ಹೇಳ್ತೀನಲ್ಲ, ಹೋಗಬೇಡ. ಇರು."

ಟೈಲರು ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕ. "ನೀನು ದಿನಾ ಏನಾದ್ರೂ ಹೇಳ್ತಾನೇ ಇರ್ತೀಯಲ್ಲೋ."

ಅದು ನಾನೇ ಕಣೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಮೋಸಗಾರ ಎಂದು ತನ್ನನ್ನು ಉಗಿಯುತ್ತಾನೆ. ಹೇಳದಿದ್ದರೆ ಕಣ್ಣೆದುರೇ ಗಂಟು ಮೂಟೆ ಕಟ್ಟುತ್ತಾನೆ. ಮಾತಿನ ಮಲ್ಲ ಆವತ್ತು ತುಟಿ ಹೊಲಿದುಕೊಂಡು ಕೂತ. ಟೀ ಆರಿಹೋಯಿತು.

ಟೈಲರು ಮೆಷಿನ್ನನ್ನು ಟೆಂಪೊಗೆ ಏರಿಸಿಕೊಂಡು ಹೊರಟುಹೋದ. ಆಮೇಲೆ, ಯಾರು ಬೇಕಾದರೂ ಓದಬಹುದಾಗಿದ್ದ ಆ ದರ್ಜಿಗಳ ಗುಂಪಿನಲ್ಲಿ ಅವನು ಬರೆದದ್ದು ನೆಟ್ಟಣ್ಣನ ಕಣ್ಣಿಗೆ ಬಿತ್ತು. ಹಳೇ ಕತ್ತರಿಯವರ ಬಗ್ಗೆ ಉದ್ದಕ್ಕೆ ಬರೆದಿದ್ದ: ನನ್ನ ಮಾತನ್ನು ಕೂತು ಕೇಳಿಸಿಕೊಂಡ ಒಬ್ಬನೇ ಮನುಷ್ಯ, ಅಂಥ ಗೆಳೆಯ ಇನ್ನು ಸಿಗುವುದಿಲ್ಲ. ಕೆಳಗೆ ಎಷ್ಟೋ ಜನ ಕೈ ಮುಗಿದಿದ್ದರು. ನೆಟ್ಟಣ್ಣ ಮೇಲಿಂದ ಕೆಳಗಿನವರೆಗೆ ಓದಿದ, ಮತ್ತೊಮ್ಮೆ ಓದಿದ. ಪಕ್ಕದ ಅಂಗಡಿಯವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಸತ್ತ ಮೇಲೂ ಹಾಳಾದವನೇ ಗೆದ್ದನಲ್ಲ ಎಂದು ಅವನ ಹೊಟ್ಟೆ ಉರಿಯಿತು.