ಬರೆಯದ ಪರೀಕ್ಷೆಯಲ್ಲಿ ಪ್ರಥಮ ದರ್ಜೆ

ಶಿಶುವಿಹಾರದಲ್ಲಿ ಅವಳಿಗೆ ಬಿರುಗಾಳಿ ಮಿಸ್ ಎಂದೇ ಹೆಸರು. ಹೆಸರಿಟ್ಟವರು ಮಕ್ಕಳಲ್ಲ, ಮಕ್ಕಳ ಅಪ್ಪಂದಿರಲ್ಲಿ ಯಾರೋ ಒಬ್ಬರು ಎಂಬ ಗುಮಾನಿ ಅವಳಿಗಿತ್ತು. ಆದರೆ ಅದನ್ನು ವಿಚಾರಿಸುತ್ತ ಕೂರಲು ಪುರುಸೊತ್ತೆಲ್ಲಿ? ಒಂದು ಕೈಯಲ್ಲಿ ಒಬ್ಬನ ಮೂಗು ಒರೆಸುತ್ತ, ಇನ್ನೊಂದು ಕೈಯಲ್ಲಿ ಇನ್ನೊಬ್ಬಳ ಬೂಟಿನ ದಾರ ಎಳೆಯುತ್ತ, ಮೇಜು ಹತ್ತಿದವನನ್ನು ಬರೀ ಕಣ್ಣಿನಿಂದಲೇ ಕೆಳಗಿಳಿಸುವ ಹೆಂಗಸು ಅವಳು. ಕಥೆ ಹೇಳಲು ಕೂತರೆ, ಮಕ್ಕಳು ಚಾಪೆಯ ಮೇಲೆ ಜಾಗ ಹಿಡಿಯುವಷ್ಟರಲ್ಲಿ ರಾಜಕುಮಾರನಿಗೆ ಮದುವೆಯಾಗಿ ಮೊಮ್ಮಕ್ಕಳೂ ಆಗಿಬಿಡುತ್ತಿದ್ದರು.

ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಅವಳ ಅವಸರಕ್ಕೆಲ್ಲ ಸೇರಿಸಿ ದೇವರು ಅವನಿಗೆ ನಿಧಾನ ಕೊಟ್ಟಿದ್ದ. ಏನಾದರೂ ಕೇಳಿದರೆ ಅವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು, ಆಮೇಲೆ ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ಅವಳು ಪಾತ್ರೆ ತೊಳೆದು, ಕಪಾಟಿನಲ್ಲಿ ಜೋಡಿಸಿ, ಕೇಳಿದ್ದೇನು ಎಂಬುದನ್ನೇ ಮರೆತಿರುತ್ತಿದ್ದಳು. ಮನೆಯಲ್ಲಿದ್ದ ಮೂರನೆಯವರು ಅತ್ತೆ. ಮಂಡಿನೋವಿನಿಂದ ಅವರ ಓಡಾಟ ಕಡಿಮೆಯಾಗಿತ್ತು, ಮಾತು ಮಾತ್ರ ಒಂದಿಷ್ಟೂ ಕುಂಟಿರಲಿಲ್ಲ.

ಆ ವರ್ಷ ಶಿಶುವಿಹಾರದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ದೊಡ್ಡ ಟೀಚರ್, ನಿವೃತ್ತಿಗೆ ದಿನ ಎಣಿಸುತ್ತಿದ್ದರು. ಒಂದು ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಅವಳನ್ನು ತಮ್ಮ ಕೋಣೆಗೆ ಕರೆದು, "ನನ್ನ ಜಾಗಕ್ಕೆ ನೀನೇ ಬರಬೇಕು ಅಂತ ನನ್ನಾಸೆ. ಆದರೆ ಪದವಿ ಇಲ್ಲದವರ ಅರ್ಜಿ ಸಮಿತಿಯವರು ಮುಟ್ಟೋದೇ ಇಲ್ಲ" ಎಂದರು.

ಪದವಿಯ ವಿಷಯದಲ್ಲಿ ಬಿರುಗಾಳಿ ಮಿಸ್‌ನದು ಅರ್ಧ ಉಟ್ಟ ಸೀರೆಯ ಕಥೆ. ಹರೆಯದಲ್ಲಿ ಎರಡು ವರ್ಷ ಕಾಲೇಜಿಗೆ ಹೋಗಿದ್ದಳು. ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಅಪ್ಪ ಏಣಿಯಿಂದ ಬಿದ್ದು ಹಾಸಿಗೆ ಹಿಡಿದರು. ಅವಳು ಕೆಲಸ ಹಿಡಿದಳು. ಆಮೇಲೆ ಮದುವೆ, ಆಮೇಲೆ ಬೇರೆಯವರ ಮಕ್ಕಳ ಮೂಗು.

ಮನೆಗೆ ಹೋಗುವ ಬಸ್ಸಿನಲ್ಲೇ ಅವಳು ಮೊಬೈಲ್ ತೆಗೆದು ಹುಡುಕಿದಳು. ಹುಡುಕಿದ್ದೇ ತಡ, ವಿಶ್ವವಿದ್ಯಾಲಯಗಳೇ ಅವಳನ್ನು ಹುಡುಕಿಕೊಂಡು ಬರತೊಡಗಿದವು. ಅದರಲ್ಲೊಂದು, "ಮೂರು ವಾರದಲ್ಲಿ ಪದವಿ! ನಿಮ್ಮ ಜೀವನಾನುಭವಕ್ಕೇ ಅಂಕ!" ಎಂದು ಕೂಗುತ್ತಿತ್ತು. ಕಂಬಗಳಿದ್ದ ದೊಡ್ಡ ಕಟ್ಟಡದ ಚಿತ್ರ, ಟೋಪಿ ಎಸೆದು ಕುಣಿಯುವ ಹುಡುಗ ಹುಡುಗಿಯರು, ಕೆಳಗೆ 'ಜಾಗತಿಕ ಉನ್ನತ ಮಾನ್ಯತಾ ಮಂಡಳಿಯಿಂದ ಮಾನ್ಯತೆ ಪಡೆದಿದೆ' ಎಂಬ ಬಂಗಾರದ ಮುದ್ರೆ. ಮೂರು ವಾರ ಎಂಬುದು ಅವಳಿಗೆ ಹೆಚ್ಚೆನಿಸಲಿಲ್ಲ, ಕಡಿಮೆಯೆಂದೂ ಅನಿಸಲಿಲ್ಲ. ಮಿಕ್ಕವರೆಲ್ಲ ಯಾಕೆ ವರ್ಷಗಟ್ಟಲೆ ಎಳೆದಾಡುತ್ತಾರೋ ಎಂದುಕೊಂಡು ಇಳಿಯುವ ನಿಲ್ದಾಣ ಬರುವ ಮೊದಲೇ ಶುಲ್ಕ ಕಟ್ಟಿ ಸೇರಿಕೊಂಡಳು.

ಸೇರಿದ ಮರುದಿನವೇ ಅವರಿಗೆ ಫೋನ್ ಮಾಡಿ ಪಠ್ಯ ಕಳಿಸಿ ಎಂದಳು. ಆ ಕಡೆಯವನು ಗಲಿಬಿಲಿಗೊಂಡ. "ಪಠ್ಯಾನಾ? ಬೇಕೇ ಬೇಕಾ ಮೇಡಂ?"

"ಓದದೆ ಹೇಗ್ರೀ ಬರೀಲಿ?"

ಎರಡು ದಿನ ಬಿಟ್ಟು ಮಕ್ಕಳ ಬೆಳವಣಿಗೆಯ ಬಗ್ಗೆ ಒಂದು ಪುಸ್ತಕ ಮೊಬೈಲಿಗೆ ಬಂತು. ಅದರ ಮೊದಲ ಪುಟದಲ್ಲಿ ಬೇರೆ ಯಾವುದೋ ಕಾಲೇಜಿನ ಗ್ರಂಥಾಲಯದ ಸೀಲು ಇತ್ತು. ಅದನ್ನೆಲ್ಲ ಗಮನಿಸುವ ವ್ಯವಧಾನ ಅವಳಿಗಿರಲಿಲ್ಲ. ಪುಟಗಳನ್ನು ಪ್ರಿಂಟ್ ತೆಗೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಒಲೆಯ ಮುಂದೆ ಭಾಷೆ ಕಲಿಯುವ ಹಂತಗಳು, ನೀರಿನ ತೊಟ್ಟಿಯ ಮೇಲೆ ಭಯ ಮತ್ತು ಕಲ್ಪನೆ, ಬಚ್ಚಲ ಬಾಗಿಲ ಹಿಂದೆ ಆಟದ ಮಹತ್ವ. ಸ್ನಾನಕ್ಕೆ ಹೋದ ಅತ್ತೆ ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. "ಈ ಪುಟ ಅರ್ಧಕ್ಕೇ ನಿಂತಿದೆಯಲ್ಲೇ, ಮುಂದಿನದು ಎಲ್ಲಿ?" ಎಂದು ಒಳಗಿನಿಂದಲೇ ಕೂಗಿದರು.

ಇಷ್ಟೆಲ್ಲ ಆಗಿ, ಪರೀಕ್ಷೆ ಯಾವತ್ತು ಎಂದು ಅವಳು ಕಾಯುತ್ತಿರುವಾಗ ಒಂದು ಬೆಳಿಗ್ಗೆ ಮೊಬೈಲ್ ಕಿಣಿಕಿಣಿ ಎಂದಿತು. ಅಭಿನಂದನೆಗಳು! ನೀವು ಪ್ರಥಮ ದರ್ಜೆಯಲ್ಲಿ, ಅದೂ ವಿಶೇಷ ಪ್ರಾವೀಣ್ಯದೊಂದಿಗೆ, ತೇರ್ಗಡೆಯಾಗಿದ್ದೀರಿ.

ಅವಳು ನಿಂತಲ್ಲೇ ನಿಂತಳು. ಮದುವೆಯಾದ ಮೇಲೆ ಅವಳು ಹಾಗೆ ನಿಂತದ್ದನ್ನು ಗಂಡ ನೋಡಿರಲಿಲ್ಲ. ಗಾಬರಿಯಿಂದ ಭೂತಗನ್ನಡಿಯನ್ನು ಒರೆಸದೆಯೇ ಕೆಳಗಿಟ್ಟ.

"ಏನಾಯ್ತೇ?"

"ಪಾಸಾದೆ."

"ಒಳ್ಳೇದೇ ಆಯ್ತಲ್ಲ. ಪರೀಕ್ಷೆ ಯಾವಾಗ ಬರೆದೆ?"

"ಬರೆದಿಲ್ಲ ರೀ!"

ಗಂಡ ಭೂತಗನ್ನಡಿಯನ್ನು ಮತ್ತೆ ಎತ್ತಿಕೊಂಡು ಒರೆಸುತ್ತ, "ಅವಸರ ಅಂದರೆ ಅವರದು ಕಣೇ. ನೀನು ಏನೂ ಅಲ್ಲ" ಎಂದ.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುತ್ತಿದ್ದರೇನೋ. ಅವಳಿಗೆ ಮಾತ್ರ ಮೈ ಉರಿದುಹೋಯಿತು. ಮೋಸ ಹೋದೆ ಎಂದಲ್ಲ, ಅದಿನ್ನೂ ತಲೆಗೆ ಹೊಳೆದಿರಲಿಲ್ಲ. ಅಷ್ಟೊಂದು ಓದಿದ್ದೇನಲ್ಲ, ಅದನ್ನು ಎಲ್ಲಿ ಹೋಗಿ ಬರೆಯಲಿ ಎಂಬುದು ಅವಳ ಸಿಟ್ಟು. "ಅಡುಗೆ ಮಾಡಿಸಿ, ಊಟಕ್ಕೆ ಬರದೇ ಹೊಟ್ಟೆ ತುಂಬಿತು ಅಂತ ಹೇಳಿದ ಹಾಗಾಯ್ತು" ಎಂದು ದುಸುದುಸು ಮಾಡುತ್ತ ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ. ವಿಶ್ವವಿದ್ಯಾಲಯ ಅಂದರೆ ಹೇಗಿರುತ್ತೋ ನೋಡಬೇಕು" ಎಂದು ಅತ್ತೆ ಮಂಡಿಗೆ ಪಟ್ಟಿ ಸುತ್ತಿಕೊಂಡು ಹೊರಟೇಬಿಟ್ಟರು.

ಎರಡು ಬಸ್ಸು ಬದಲಿಸಿ ವಿಳಾಸದ ಜಾಗಕ್ಕೆ ಬಂದರೆ ಕಂಬಗಳಿದ್ದ ಕಟ್ಟಡದ ಸುಳಿವೇ ಇಲ್ಲ. ಕೆಳಗೆ ಹಾಸಿಗೆ ದಿಂಬು ಮಾರುವ ಅಂಗಡಿ, ಪಕ್ಕದಲ್ಲಿ ಕತ್ತಲ ಮೆಟ್ಟಿಲು. "ವಿಶ್ವವಿದ್ಯಾಲಯ ಎಲ್ಲಪ್ಪಾ?" ಎಂದು ಅತ್ತೆ ಕೇಳಿದ್ದಕ್ಕೆ ಅಂಗಡಿಯವನು, "ಮೇಲೆ, ಎಡಗಡೆ. ಬಲಗಡೆ ಹೋಗಬೇಡಿ, ಅದು ಹಲ್ಲಿನ ಡಾಕ್ಟರು" ಎಂದ.

ಎಡಗಡೆಯ ಕೋಣೆಯಲ್ಲಿ ಎರಡು ಮೇಜು, ಮೇಜಿಗೊಂದು ಫೋನು, ಒಂದು ಸೋಫಾ ಮತ್ತು ಟೈ ಕಟ್ಟಿದ ಒಬ್ಬ ಮನುಷ್ಯ. ತಾನು ಕುಲಸಚಿವ ಎಂದು ಅವನು ಪರಿಚಯಿಸಿಕೊಂಡ. ಕುಲಪತಿಗಳು ಎಲ್ಲಿ ಎಂದರೆ ವಿದೇಶ ಪ್ರವಾಸ, ಪ್ರಾಧ್ಯಾಪಕರು ಎಲ್ಲಿ ಎಂದರೆ ಸಂಶೋಧನೆ.

"ನನಗೆ ಪರೀಕ್ಷೆ ಕೊಡಿ" ಎಂದಳು ಬಿರುಗಾಳಿ ಮಿಸ್.

"ನೀವು ಪಾಸಾಗಿದ್ದೀರಲ್ಲ ಮೇಡಂ?"

"ಬರೀದೇ ಹೇಗೆ ಪಾಸಾದೆ? ಪ್ರಶ್ನೆಪತ್ರಿಕೆ ಕೊಡಿ, ಇಲ್ಲೇ ಕೂತು ಬರೀತೀನಿ."

ಕುಲಸಚಿವನ ವೃತ್ತಿಜೀವನದಲ್ಲಿ ಇಂಥ ಗಿರಾಕಿ ಬಂದಿರಲಿಲ್ಲ. ಅಂಕ ಕಡಿಮೆಯಾಯಿತೆಂದು ಜಗಳಕ್ಕೆ ಬಂದವರನ್ನು ಅವನು ಬಲ್ಲ, ಅವರಿಗೆ ಹತ್ತು ಅಂಕ ಹಾಕಿ ಕಳಿಸಿದರೆ ಮುಗಿಯಿತು. ಇವಳಿಗೂ ಅದನ್ನೇ ಹೇಳಿನೋಡಿದ. "ಬೇಕಾದರೆ ನೂರಕ್ಕೆ ನೂರು ಮಾಡಿಬಿಡೋಣ ಮೇಡಂ."

ಸೋಫಾದಲ್ಲಿ ಮಂಡಿ ಒತ್ತಿಕೊಳ್ಳುತ್ತಿದ್ದ ಅತ್ತೆ ತಲೆಯೆತ್ತಿದರು. "ಅಲ್ಲಪ್ಪಾ, ನಿಮ್ಮಲ್ಲಿ ಯಾರಾದರೂ ಫೇಲಾಗಿದ್ದಾರಾ?"

"ಒಬ್ಬರೂ ಇಲ್ಲಮ್ಮ!" ಎಂದ ಅವನು ಎದೆಯುಬ್ಬಿಸಿ. ಮಾತು ಬೇರೆ ಕಡೆ ತಿರುಗಿದ್ದೇ ಒಳ್ಳೆಯದೆಂದು ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕೂತ. "ನಿಮಗೆ ಅಡುಗೆಯಲ್ಲಿ ಎಷ್ಟು ವರ್ಷದ ಅನುಭವ ಅಮ್ಮ?"

"ಅಡುಗೆಗೆ ವರ್ಷದ ಲೆಕ್ಕ ಯಾರಪ್ಪ ಇಡ್ತಾರೆ? ಮದುವೆಗೆ ಮುಂಚಿಂದ."

"ಅಷ್ಟು ಸಾಕು. ನಿಮಗೆ ನೇರವಾಗಿ ಡಾಕ್ಟರೇಟ್ ಕೊಡಬಹುದು."

ಅತ್ತೆಯ ಮುಖದಲ್ಲಿ ಏನೇನೋ ಮೂಡಿ ಮಾಯವಾದವು. ಕೊನೆಗೆ ಮೆಲ್ಲಗೆ, "ಬಾಗಿಲಿಗೆ ಡಾಕ್ಟರ್ ಅಂತ ಬೋರ್ಡು ಹಾಕಿಸಬಹುದಾ?" ಎಂದು ಕೇಳಿಯೇಬಿಟ್ಟರು.

"ಅತ್ತೇ!" ಎಂದಳು ಸೊಸೆ.

"ಸುಮ್ಮನೆ ಕೇಳಿದೆ ಕಣೇ."

ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು. ಮಾನ್ಯತೆ ಕೊಟ್ಟ ಮಂಡಳಿಗೇ ದೂರು ಕೊಡುತ್ತೇನೆ ಎಂದು ಮೊಬೈಲ್ ತೆಗೆದು, ಬಂಗಾರದ ಮುದ್ರೆಯ ಕೆಳಗಿದ್ದ ನಂಬರನ್ನು ಒತ್ತಿದಳು. ಪಕ್ಕದ ಮೇಜಿನ ಫೋನು ಟ್ರಿಣ್ ಟ್ರಿಣ್ ಎಂದು ಹೊಡೆದುಕೊಂಡಿತು.

ಕುಲಸಚಿವ ಅದನ್ನು ನೋಡಿದ. ಅವಳನ್ನು ನೋಡಿದ. ಅಭ್ಯಾಸಬಲ ಎಂಬುದು ಎಷ್ಟು ಕೆಟ್ಟದ್ದು ನೋಡಿ, ಎದ್ದುಹೋಗಿ ಅದನ್ನು ಎತ್ತಿಕೊಂಡು, ಗಂಟಲನ್ನು ದಪ್ಪ ಮಾಡಿ, "ನಮಸ್ಕಾರ, ಜಾಗತಿಕ ಉನ್ನತ ಮಾನ್ಯತಾ ಮಂಡಳಿ" ಎಂದ. ಅವನ ದನಿ ಅವಳ ಬಲಗಿವಿಗೆ ಮೊಬೈಲಿನಿಂದಲೂ ಎಡಗಿವಿಗೆ ಕೋಣೆಯಿಂದಲೂ ಬಂತು.

"ನಿಮ್ಮ ಎದುರಿಗೇ ಇರೋ ವಿಶ್ವವಿದ್ಯಾಲಯದ ಮೇಲೆ ಒಂದು ದೂರಿತ್ತು" ಎಂದಳು ಅವಳು, ಅವನ ಕಣ್ಣಲ್ಲಿ ಕಣ್ಣಿಟ್ಟು.

ಅತ್ತೆಗೆ ನಗು ಬಂತು. ಅದು ಸಣ್ಣದಾಗಿ ಶುರುವಾಗಿ, ಹೊಟ್ಟೆ ಹಿಡಿಸಿ, ಪಕ್ಕದ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಕೂತಿದ್ದವರೂ ಎದ್ದು ಬಂದು ಇಣುಕುವ ತನಕ ಹೋಯಿತು. ಬಂದವರಿಗೆಲ್ಲ ಅತ್ತೆ ಕಣ್ಣೊರೆಸಿಕೊಳ್ಳುತ್ತ ನಡೆದದ್ದನ್ನು ಮೊದಲಿನಿಂದ ಹೇಳಿದರು. ಹಾಸಿಗೆ ಅಂಗಡಿಯವನೂ ಮೇಲೆ ಬಂದ, ಅವನಿಗಾಗಿ ಮತ್ತೊಮ್ಮೆ ಹೇಳಿದರು. ಮೂರನೆಯ ಸಲ ಶುರುಮಾಡುವ ಮುನ್ನ ಕುಲಸಚಿವ ಕೈಮುಗಿದು, ಕಟ್ಟಿದ್ದ ಶುಲ್ಕವನ್ನೆಲ್ಲ ವಾಪಸ್ ಕೊಟ್ಟ.

ಬಸ್ಸಿನಲ್ಲಿ ಮಾತ್ರ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ನಾಚಿಕೆ ಈಗ ನಿಧಾನವಾಗಿ ಏರುತ್ತಿತ್ತು. ಮಕ್ಕಳಿಗೆ ಬೂಟು ಬಲಗಾಲಿಗೋ ಎಡಗಾಲಿಗೋ ನೋಡಿ ಹಾಕಿಕೊಳ್ಳಿ ಎಂದು ದಿನವೂ ಹೇಳುವವಳು ತಾನು. ಅತ್ತೆ ಅವಳ ಕೈಮೇಲೆ ಕೈಯಿಟ್ಟು, "ಹೋಗಲಿ ಬಿಡು. ನಾನು ಡಾಕ್ಟರಾಗೋದು ತಪ್ಪಿಹೋಯ್ತು, ನಾನೇ ಅಳ್ತಿಲ್ಲ" ಎಂದರು.

ದೊಡ್ಡ ಟೀಚರಿಗೆ ಮರುದಿನ ಎಲ್ಲ ಹೇಳಿದಾಗ ಅವರು ಬೈಯಲಿಲ್ಲ. "ಅಲ್ಲಮ್ಮಾ, ಸರ್ಕಾರದವರು ಮಾನ್ಯತೆ ಇರೋ ವಿಶ್ವವಿದ್ಯಾಲಯಗಳ ಪಟ್ಟಿ ಹಾಕಿರ್ತಾರೆ. ಅದರಲ್ಲಿ ಹೆಸರಿದೆಯಾ ನೋಡಬೇಕು. ಅವರೇ ಕೊಟ್ಟ ನಂಬರಿಗೆ ಫೋನ್ ಮಾಡಿ ಅವರು ಒಳ್ಳೆಯವರಾ ಅಂತ ಕೇಳಿದರೆ ಆಗುತ್ತಾ?" ಎಂದರು. ಬೇಗ ಮುಗಿಸುವ ನ್ಯಾಯವಾದ ದಾರಿಯೂ ಅವರಿಗೆ ಗೊತ್ತಿತ್ತು. ಪಟ್ಟಿಯಲ್ಲಿದ್ದ ಮುಕ್ತ ವಿಶ್ವವಿದ್ಯಾಲಯವೊಂದು, ಹಿಂದೆ ಓದಿ ಪಾಸಾದ ವಿಷಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಉಳಿದವನ್ನಷ್ಟೇ ಬರೆಸುತ್ತಿತ್ತು.

ಅವಳು ಹಳೇ ಕಾಲೇಜಿಗೆ ಅಲೆದು ಅಂಕಪಟ್ಟಿ ತಂದಳು. ಮುಕ್ತ ವಿಶ್ವವಿದ್ಯಾಲಯದಲ್ಲಿ ಯಾರೂ ಅಭಿನಂದನೆ ಹೇಳಲಿಲ್ಲ. ಒಂದು ಸಹಿ ಇಲ್ಲ ಎಂದು ವಾಪಸ್ ಕಳಿಸಿದರು, ಫೋಟೋ ಸರಿಯಿಲ್ಲ ಎಂದು ಮತ್ತೆ ಕಳಿಸಿದರು, ಊಟದ ಹೊತ್ತು ಎಂದು ಕಿಟಕಿ ಮುಚ್ಚಿದರು. ಪ್ರತಿ ಸಲ ವಾಪಸ್ ಬರುವಾಗಲೂ ಅವಳಿಗೆ ಧೈರ್ಯ ಹೆಚ್ಚುತ್ತಿತ್ತು. ಅಡುಗೆಮನೆಯ ಗೋಡೆಗೆ ಹೊಸ ಹಾಳೆಗಳು ಬಂದವು.

ಮೊದಲ ಫಲಿತಾಂಶದ ದಿನ ಅವಳು ಶಿಶುವಿಹಾರದಿಂದ ಓಡುತ್ತಲೇ ಮನೆಗೆ ಬಂದಳು. "ಅತ್ತೇ, ಸಂಖ್ಯಾಶಾಸ್ತ್ರದಲ್ಲಿ ಫೇಲು!"

"ಏನಂದೆ?"

"ಫೇಲಾದೆ! ಇಲ್ಲಿ ಫೇಲ್ ಮಾಡ್ತಾರೆ ಅತ್ತೆ. ಇದು ಅಸಲಿ!"

ಅತ್ತೆ ತಕ್ಷಣ ಡಬ್ಬಿ ತೆಗೆದು ಅವಳ ಬಾಯಿಗೆ ಸಕ್ಕರೆ ಹಾಕಿದರು. ಗಂಡ ಮಾತ್ರ ಅವಳ ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಹಿಂದಿನ ಪುಟದ್ದು ಯಾವುದನ್ನೂ ಬರೆದಿಲ್ವಾ?" ಎಂದ.

"ಹಿಂದೆ ಪುಟ ಇತ್ತಾ?"

ಇತ್ತು. ಎಲ್ಲರಿಗಿಂತ ಮೊದಲು ಬರೆದು ಮುಗಿಸಿದೆನೆಂದು ಬೀಗುತ್ತ ಹೊರಗೆ ಬಂದವಳು ಹಾಳೆ ತಿರುಗಿಸಿರಲೇ ಇಲ್ಲ. ಮುಂದಿನ ಸಲ ಕೊನೆಯ ಗಂಟೆ ಹೊಡೆಯುವವರೆಗೆ ಕೂತು, ಖಾಲಿ ಪುಟಗಳನ್ನೂ ಎರಡೆರಡು ಸಲ ತಿರುಗಿಸಿ ನೋಡಿ ಬಂದಳು. ಪಾಸಾದಳು. ಅಂಥ ಹೇಳಿಕೊಳ್ಳುವ ಅಂಕವೇನಲ್ಲ. ದರ್ಜೆಯೂ ದ್ವಿತೀಯ.

ದೊಡ್ಡ ಟೀಚರ್ ನಿವೃತ್ತರಾದ ಮೇಲೆ ಖಾಲಿಯೇ ಇದ್ದ ಜಾಗಕ್ಕೆ ಕೊನೆಗೂ ಸಂದರ್ಶನ ಕರೆದರು. ಸಮಿತಿಯ ಅಧ್ಯಕ್ಷರು ಅವಳ ಪ್ರಮಾಣಪತ್ರವನ್ನು ಕಣ್ಣೆತ್ತಿಯೂ ನೋಡದೆ, "ಸರಿ, ಪದವಿ ಇದೆಯಲ್ಲ" ಎಂದು ಫೈಲಿನೊಳಗೆ ತೂರಿಸಿದರು.

"ಪರಿಶೀಲಿಸಿ ಸರ್."

"ಅದೆಲ್ಲ ಆಮೇಲೆ ನೋಡೋಣಮ್ಮ."

"ಈಗಲೇ ನೋಡಿ ಸರ್. ನನ್ನ ಹತ್ತಿರ ನಂಬರು ಕೇಳಬೇಡಿ, ನೀವೇ ಹುಡುಕಿ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿ. ಎಷ್ಟು ಹೊತ್ತಾದರೂ ಕೂತಿರ್ತೀನಿ."

ಅಧ್ಯಕ್ಷರು ಪಕ್ಕದವರ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಫೋನ್ ಹಚ್ಚಿದರು. ಆ ಕಡೆಯಿಂದ ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ದಾಟಿಸಿದರು. ಸಮಿತಿಯವರು ಚಹಾ ತರಿಸಿದರು, ಕುಡಿದರು. ಕೊನೆಗೆ ಯಾರೋ ಕೆಮ್ಮುತ್ತ ಬಂದು, ಹೆಸರು, ವರ್ಷ ಕೇಳಿ, ಹೌದು ನಮ್ಮವರೇ, ಒಂದು ವಿಷಯ ಎರಡನೇ ಯತ್ನದಲ್ಲಿ ಎಂದರು. "ಅದೂ ಬರೆದುಕೊಳ್ಳಿ ಸರ್" ಎಂದಳು ಅವಳು.

ಜಾಗ ಅವಳಿಗೇ ಸಿಕ್ಕಿತು. ಮುಖ್ಯಸ್ಥೆಯ ಕೋಣೆಯಲ್ಲಿ ಚಕ್ರವಿರುವ ದೊಡ್ಡ ಕುರ್ಚಿಯೊಂದಿತ್ತು. ಬಿರುಗಾಳಿ ಮಿಸ್ ಅದರಲ್ಲಿ ಕೂತದ್ದನ್ನು ಯಾರೂ ಕಂಡವರಿಲ್ಲ, ಅವಳು ಯಾವಾಗಲೂ ಹೊರಗೆ ಮಕ್ಕಳ ನಡುವೆ. ಒಂದು ದಿನ ಅತ್ತೆ ನೋಡಲು ಬಂದರು. ಕುರ್ಚಿಯಲ್ಲಿ ಕೂತು, ಕಾಲು ಮೇಲೆತ್ತಿ, ಒಂದು ಸುತ್ತು ಸುತ್ತಿ, ಬಾಗಿಲಲ್ಲಿ ಬೆರಗಾಗಿ ನಿಂತಿದ್ದ ಪುಟ್ಟ ಹುಡುಗಿಗೆ, "ನಿನಗೂ ಬೇಕಾ? ಬಾ, ಸರತಿಯಲ್ಲಿ ನಿಲ್ಲು" ಎಂದರು.